ಹಂಪಿಗೆ ಹೋಗೋದಾದ್ರೆ ಈ ಸಲ ಕಾಲುವೆ ನೋಡೋಕೆ ಹೋಗೋಣ

ಕೊಯ್ಲು ಬಹುತೇಕ ಮುಗಿದೈತಿ. ಕಟಾವು ಮಷೀನು ನಮ್ಮ ಬಯಲು ಬಿಟ್ಟು ಮುಂದಿನ ಊರಿಗೆ ಹೋಗೈತಿ, ಹುಲ್ಲು ಬಣವಿ ಏರೈತಿ, ಸಸಿಮಡಿ ಚಿಂತೆ ಶುರುವಾಗೋಕೆ ಇನ್ನೂ ಹತ್ತು ಹನ್ನೆರಡು ದಿನ ಐತಿ. ವರ್ಷದಾಗ ನಮಗೆ ಉಸಿರು ಬಿಡೋಕೆ ಸಿಗೋದು ಇಷ್ಟೇ. ಈ ಸಂದಿಯಲ್ಲಿ ಎಲ್ಲಾರೂ ಸೇರಿ ಒಂದು ದಿನ ಎಲ್ಲಿಗಾದ್ರೂ ಹೋಗಿ ಬರೋಣ ಅಂತ ಚಹಾದಂಗಡಿ ಮುಂದೆ ನಾಲ್ಕು ದಿನದಿಂದ ಮಾತು ನಡದೈತಿ. ಒಬ್ಬರು ಮಂತ್ರಾಲಯ ಅಂದ್ರು. ಒಬ್ಬರು ಗೋವಾ ಅಂದ್ರು, ಅವರು ಮನಿಯಾಗ ಕೇಳಿ ಬಂದಂಗ ಕಾಣಲಿಲ್ಲ. ಕೊನೆಗೆ ಹಂಪಿ ಅಂತ ಆತು, ಯಾಕಂದ್ರ ಒಂದೂವರೆ ತಾಸಿನ ದಾರಿ, ಸಂಜಿಗೆ ಹಾಲು ಕರೆಯೋ ಹೊತ್ತಿಗೆ ಅಲ್ಲದಿದ್ರೂ ಊಟದ ಹೊತ್ತಿಗಾದ್ರೂ ಮನಿಗೆ ಬರಬಹುದು.

ಹಂಪಿ ಅಂದಕೂಡ್ಲೆ ಪಟ್ಟಿ ತಯಾರಾತು. ವಿರೂಪಾಕ್ಷ, ಕಲ್ಲಿನ ರಥ, ಕಮಲ ಮಹಲು, ಆನೆ ಲಾಯ, ಮುಗೀತು. ಈ ಪಟ್ಟಿಗೆ ನನ್ನ ತಕರಾರು ಐತಿ. ಅದನ್ನ ಚಹಾದಂಗಡಿಯಾಗ ಹೇಳಿದ್ರೆ ಯಾರೂ ಪೂರ್ತಿ ಕೇಳೋದಿಲ್ಲ, ಅದಕ್ಕ ಇಲ್ಲಿ ಬರೀತಿದ್ದೀನಿ. ಉದ್ದ ಐತಿ, ಬಿಡುವಿದ್ದಾಗ ಓದ್ರಿ.

ನನ್ನ ಮಾತು ಇಷ್ಟೇ. ಹಂಪಿಯಲ್ಲಿ ನಾವು ನೋಡೋದೆಲ್ಲ ಕೆಲಸ ಬಿಟ್ಟು ಕೂತಿರೋ ವಸ್ತುಗಳು. ಆನೆ ಲಾಯದಾಗ ಆನೆ ಇಲ್ಲ, ಬಜಾರದಾಗ ವ್ಯಾಪಾರ ಇಲ್ಲ, ಮಹಾನವಮಿ ದಿಬ್ಬದ ಮ್ಯಾಲೆ ಅರಸ ಇಲ್ಲ. ವಿರೂಪಾಕ್ಷನಿಗೆ ಪೂಜೆ ನಡೀತೈತಿ, ಅದೊಂದು ಸರಿ. ಅದು ಬಿಟ್ರೆ ಅವತ್ತು ಯಾವ ಕೆಲಸಕ್ಕೆ ಕಟ್ಟಿದ್ರೋ ಇವತ್ತಿಗೂ ಅದೇ ಕೆಲಸ ಮಾಡ್ತಿರೋದು ಕಾಲುವೆ. ನಾವು ರೈತರು. ನಾವು ಅದನ್ನ ದಾಟಿಕೊಂಡು ಹೋಗಿ, ಮೈಕು ಹಿಡಿದ ಗೈಡ್ ತೋರಿಸಿದ ಕಂಬ ನೋಡಿ ವಾಪಸ್ ಬರ್ತೀವಿ.

ತುರ್ತು ಕಾಲುವೆ ಅಂತ ಅದರ ಹೆಸರು. ಅದರ ಹಳೇ ಹೆಸರು ಹಿರಿಯ ಕಾಲುವೆ ಅಂತ ಇತಿಹಾಸ ಬಲ್ಲವರು ಗುರುತಿಸ್ಯಾರ. ತುಂಗಭದ್ರೆಯಿಂದ ನೀರು ಹಿಡಿದು, ಗುಡ್ಡದ ಬುಡ ಹಿಡಿದು ತಿರುಗಿ ತಿರುಗಿ, ದೇವಸ್ಥಾನಗಳ ಭಾಗಕ್ಕೂ ಅರಮನೆ ಭಾಗಕ್ಕೂ ನಡುವಿನ ತಗ್ಗಿನಾಗ ಹರಿದು ಹೋಗ್ತದ. ಕೃಷ್ಣ ದೇವಸ್ಥಾನದಿಂದ ಕಮಲಾಪುರದ ಕಡೆಗೆ ಬರುವಾಗ ನಮ್ಮ ಗಾಡಿ ಅದನ್ನ ದಾಟೇ ದಾಟ್ತದ, ಯಾರೂ ತಲೆ ತಿರುಗಿಸಿ ನೋಡೋದಿಲ್ಲ. ಹಂಪಿಯಲ್ಲಿ ಬಂಡೆ ಬಂಡೆ ನಡುವೆ ಬಾಳೆ ಹಸಿರಾಗಿ ನಿಂತದಲ್ಲ, ಪೇಟೆ ಮಂದಿ ಅದನ್ನ ಫೋಟೊ ಹಿಡೀತಾರಲ್ಲ, ಆ ಹಸಿರು ಈ ಕಾಲುವೆಯದು. ಅದಿಲ್ಲದಿದ್ರೆ ಹಂಪಿ ಬರೀ ಬಂಡೆ, ಬಿಸಿಲು.

ಇದೊಂದೇ ಅಲ್ಲ. ರಾಯ ಕಾಲುವೆ, ಬಸವಣ್ಣ ಕಾಲುವೆ, ಬೆಲ್ಲ ಕಾಲುವೆ, ನಮ್ಮ ಕಡೆ ದಂಡೆಯಲ್ಲಿ ಆನೆಗೊಂದಿ ಕಾಲುವೆ, ಗಂಗಾವತಿ ಮೇಲ್ಕಾಲುವೆ, ಕೆಳಕಾಲುವೆ, ಇವೆಲ್ಲ ಒಂದೇ ಬಳಗ. ವಿಜಯನಗರ ಕಾಲುವೆಗಳು ಅಂತ ಒಟ್ಟಿಗೆ ಕರೀತಾರ. ಕೊರಗಲ್ ಅಣೆ ಮತ್ತು ಬಸವಣ್ಣ ಕಾಲುವೆ 1521ರಲ್ಲಿ ಕೃಷ್ಣದೇವರಾಯನ ಕಾಲದಾಗ ಆದವು. 1565ರಾಗ ಯುದ್ಧ ಸೋತು ರಾಜಧಾನಿ ಹಾಳಾತು. ಅರಮನೆ ಸುಟ್ಟವು, ಮೂರ್ತಿ ಒಡೆದವು, ಜನ ಊರು ಬಿಟ್ರು. ಕಾಲುವೆಗಳು ಮಾತ್ರ ಉಳಿದು ನಮ್ಮ ಕಾಲದ ತನಕ ಬಂದವು. ಯಾಕೆ? ಶತ್ರುಗಳು ಕನಿಕರಪಟ್ಟು ಬಿಟ್ರು ಅಂತ ನನಗೆ ಅನ್ನಿಸೋದಿಲ್ಲ. ಕಾಲುವೆ ಅಂದ್ರೆ ಒಂದು ಸಲ ಕಟ್ಟಿ ಬಿಟ್ಟರೆ ನಿಲ್ಲೋ ವಸ್ತು ಅಲ್ಲ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಎರಡು ವರ್ಷ ಕೈ ಹಚ್ಚದಿದ್ರೆ ಹೂಳು, ಆಪು, ಜಾಲಿ, ಮುಗೀತು. ಅಂದಮ್ಯಾಲೆ ಅರಸ ಇಲ್ಲದಾಗಲೂ, ಸಂಬಳ ಕೊಡೋರು ಇಲ್ಲದಾಗಲೂ, ಯಾರೋ ವರ್ಷ ವರ್ಷ ಗುದ್ದಲಿ ಹಿಡಿದು ಇಳಿದಾರ. ಆ ನೀರು ಉಣ್ಣೋರೇ ಇಳಿದಾರ. ಬೇರೆ ಯಾರು ಇಳೀತಾರ?

ಈಗ ನಮ್ಮ ವಿಷಯಕ್ಕೆ ಬರ್ತೀನಿ. ನಮ್ಮ ವಿತರಣಾ ಕಾಲುವೆಯ ಕೊನೆ ಭಾಗದಾಗ ನನ್ನದು ಎರಡೂವರೆ ಎಕರೆ. ಹೋದ ಜೂನ್‌ನಾಗ, ನೀರು ಬಿಡೋ ಮೊದಲು ಹೂಳು ತೆಗೆಯೋಣ ಬರ್ರಿ ಅಂತ ಡಂಗುರ ಸಾರಿಸಿದ್ವಿ. ಆ ನೀರು ಉಣ್ಣೋ ಮನಿ 64. ಬಂದೋರು 9 ಮಂದಿ. ಅದರಾಗ ಇಬ್ಬರು ಚಹಾ ಆದಮ್ಯಾಲೆ ಕಾಣಲಿಲ್ಲ. ಮೇಲ್ಭಾಗದವರು ಒಬ್ಬರೂ ಇಲ್ಲ, ಯಾಕಂದ್ರ ಹೂಳು ತುಂಬಿದ್ರೆ ಅವರಿಗೇನು ನಷ್ಟ ಇಲ್ಲ, ನೀರು ಅವರ ತೂಬಿಗೆ ಇನ್ನೂ ಚೆನ್ನಾಗಿ ಏರ್ತದ. ಕೊನೆ ಭಾಗದವರೂ ಬರಲಿಲ್ಲ, ಯಾಕಂದ್ರ ಹೂಳು ತೆಗೆದ್ರೂ ನೀರು ಬರೋದಿಲ್ಲ ಅಂತ ಅವರು ತೀರ್ಮಾನ ಮಾಡಿಬಿಟ್ಟಾರ. ಆಮ್ಯಾಲೆ ಆಗಸ್ಟ್‌ನಾಗ ರಾತ್ರಿ ಹಲಗೆ ಕಿತ್ತರು ಅಂತ ಜಗಳ, ಹಾರೆ ಎತ್ತಿದ್ದು, ಸ್ಟೇಷನ್ನು, ರಾಜಿ. ಆ ರಾಜಿ ಕಾಗದದ ಮ್ಯಾಲೆ ಐತಿ. ಒಂದೇ ತಾಯಿ ಹೊಟ್ಟೆಯಾಗ ಹುಟ್ಟಿದ ಅಕ್ಕ ತಂಗಿ, ಒಬ್ಬಾಕಿನ್ನ ಮೇಲಿನ ಓಣಿಗೆ ಕೊಟ್ಟೈತಿ, ಒಬ್ಬಾಕಿನ್ನ ಕೆಳಗಿನ ಓಣಿಗೆ. ಮೊನ್ನೆ ಕೆಳಗಿನಾಕಿ ಮಗಳ ಮದುವಿಗೆ ಮೇಲಿನಾಕಿ ಬರಲಿಲ್ಲ. ಎಲ್ಲಾರೂ ನೋಡೀರಿ, ಯಾರೂ ಮಾತಾಡಲಿಲ್ಲ.

ಅದಕ್ಕ ಈ ಪ್ರವಾಸದ ಬಗ್ಗೆ ನನ್ನ ಅಭಿಪ್ರಾಯ ಏನಂದ್ರ, ಮೇಲ್ಭಾಗದವರೂ ಕೊನೆ ಭಾಗದವರೂ ಒಂದೇ ಗಾಡಿಯಾಗ ಹೋಗಬೇಕು, ಮತ್ತು ಇಡೀ ದಿನ ಕಾಲುವೆ ಗುಂಟ ಇರೋಂಗ ಯೋಜನೆ ಹಾಕಬೇಕು. "ಕಾಲುವೆ ನೋಡೋಕೆ ಹಂಪಿಗೆ ಯಾಕ ಹೋಗಬೇಕೋ ಮಾರಾಯ, ನಿಮ್ಮ ಮನಿ ಹಿಂದೆ ಐತಲ್ಲ" ಅಂತ ಒಬ್ಬರು ನಕ್ಕರು. ನಗಲಿ. ಮನಿ ಹಿಂದಿನ ಕಾಲುವೆ ನೋಡಿದಾಗ ನಮಗೆ ಕಾಣೋದು ಇನ್ನೊಬ್ಬನ ತೂಬು. ಬೇರೆಯವರ ಕಾಲುವೆ ದಂಡಿ ಮ್ಯಾಲೆ ಕೂತಾಗ ನೀರು ನೀರಾಗಿ ಕಾಣಬಹುದು.

ದಿನ ಯಾವುದು ಅನ್ನೋದು ಮುಖ್ಯ. ಭಾನುವಾರ ಬೇಡ, ಹಂಪಿ ಉತ್ಸವದ ದಿನಗಳಂತೂ ಬೇಡವೇ ಬೇಡ, ಗಾಡಿ ನಿಲ್ಲಿಸೋಕೆ ಜಾಗ ಸಿಗೋದಿಲ್ಲ. ಶುಕ್ರವಾರನೂ ಬೇಡ, ಕಮಲಾಪುರದ ಮ್ಯೂಸಿಯಂ ಶುಕ್ರವಾರ ಮುಚ್ಚಿರ್ತದ. ಬುಧವಾರವೋ ಗುರುವಾರವೋ ಆಗಲಿ. ಹುಡುಗರ ಶಾಲೆ ಒಂದು ದಿನ ತಪ್ಪಿದ್ರೆ ಏನೂ ಕೊಚ್ಚಿಹೋಗೋದಿಲ್ಲ, ಭತ್ತ ನಾಟಿಗೆ ತಪ್ಪಿಸ್ತೀವಲ್ಲ. ಬೇಸಿಗೆಗೆ ಮುಂದೆ ಹಾಕಬ್ಯಾಡ್ರಿ. ಹಂಪಿಯ ಬಂಡೆ ಮಾರ್ಚ್ ಆದಮ್ಯಾಲೆ ಹಂಚಿನಂಗ ಕಾಯ್ತದ, ಕಾಲುವೆಯಾಗೂ ದುರಸ್ತಿಗೆ ಅಂತ ನೀರು ನಿಲ್ಲಿಸೋದು ಬೇಸಿಗೆ ಕಡೆಗೇ. ನಮ್ಮದು ನಾಲ್ಕು ತಿಂಗಳ ನೀರು, ಅಲ್ಲಿ ಬಾಳೆ ಕಬ್ಬು ಬೆಳೆಯೋರಿಗೆ ವರ್ಷದ ಹೆಚ್ಚುಭಾಗ ನೀರು. ಈ ಸುದ್ದಿ ಕೇಳಿದ್ರೆ ನಮ್ಮವರಿಗೆ ಹೊಟ್ಟೆಯಾಗ ಸ್ವಲ್ಪ ಉರೀತದ, ನನಗೂ ಉರೀತದ.

ದನ ಕರು ಇರೋರು ಮೊದಲೇ ಮಾತಾಡಿಕೊಳ್ರಿ. ಹೋಗದೇ ಇರೋರು ಹೋಗೋರ ಹಾಲು ಕರೀಲಿ, ಇನ್ನೊಂದು ಸಲ ಇವರು ಅವರದು ಕರೀಲಿ. ಬುತ್ತಿ ವಿಷಯ ಒಂದು ಹೇಳಿಬಿಡ್ತೀನಿ: ನಾವು ಗಂಡಸರು ಪ್ರವಾಸ ಅಂದ್ರೆ ಬಿಡುವು ಅಂತೀವಿ, ಹೆಣ್ಣುಮಕ್ಕಳು ರಾತ್ರಿ ಮೂರಕ್ಕೆ ಎದ್ದು ಚಿತ್ರಾನ್ನ ಕಲಸ್ತಾರ. ಆ ಪ್ರವಾಸ ಅವರಿಗೆ ಎರಡು ಪಟ್ಟು ಕೆಲಸ. ಈ ಸಲ ಕಟಕು ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಮೊಸರು, ಈರುಳ್ಳಿ, ಇಷ್ಟೇ. ಎರಡು ದಿನ ಮೊದಲೇ ಬಡಿದಿಟ್ಟುಕೊಂಡ್ರೂ ಕೆಡೋದಿಲ್ಲ.

ಬೆಳಿಗ್ಗೆ ಐದೂವರೆಗೆ ಹೊರಟು ಕಡೆಬಾಗಿಲು–ಬುಕ್ಕಸಾಗರ ಸೇತುವೆ ಮ್ಯಾಲೆ ಹೊಳೆ ದಾಟಿ ಕಮಲಾಪುರಕ್ಕೆ ಹೋಗೋಣ. ಮೊದಲು ಕಮಲಾಪುರದ ಕೆರೆ ಏರಿ ಮ್ಯಾಲೆ ನಿಲ್ಲಬೇಕು. ಈ ಕೆರೆಗೆ ರಾಯ ಕಾಲುವೆ ನೀರು. ಇಲ್ಲಿಂದಲೇ ಅರಮನೆ ಕಡೆಗೆ ನೀರು ಹೋಗ್ತಿತ್ತು. ಬಿಸಿಲು ಏರೋ ಮೊದಲು ಇಲ್ಲಿ ಅರ್ಧ ತಾಸು ಕೂತ್ರೆ ಸಾಕು.

ಆಮ್ಯಾಲೆ ಮ್ಯೂಸಿಯಂ. ಅಲ್ಲಿ ಅಂಗಳದಾಗ ಇಡೀ ಹಂಪಿಯ ದೊಡ್ಡ ಮಾದರಿ ಮಾಡಿಟ್ಟಾರ, ಗುಡ್ಡ, ಹೊಳೆ, ಗುಡಿ ಎಲ್ಲಾ. ಹುಡುಗರಿಗೆ ಅದರ ಸುತ್ತ ನಿಲ್ಲಿಸಿ, ನೀರು ಯಾವ ಕಡೆಯಿಂದ ಯಾವ ಕಡೆ ಹೋಗಬಹುದು ಹೇಳ್ರಿ ಅಂತ ಕೇಳಬೇಕು. ನಮ್ಮ ಹುಡುಗರಿಗೆ ಇದು ಪೇಟೆ ಹುಡುಗರಿಗಿಂತ ಬೇಗ ಹೊಳೀತದ. ಟಿಕೆಟ್ ತಲೆಗೆ 40 ರೂಪಾಯಿ, 15 ವರ್ಷದೊಳಗಿನವರಿಗೆ ಇಲ್ಲ. ಅದೇ ಟಿಕೆಟ್ ಅವತ್ತಿನ ದಿನ ಕಮಲ ಮಹಲಿಗೂ ವಿಠ್ಠಲ ದೇವಸ್ಥಾನಕ್ಕೂ ನಡೀತದ, ಹರಿದು ಬಿಸಾಕಬ್ಯಾಡ್ರಿ.

ಅಲ್ಲಿಂದ ಅರಮನೆ ಆವರಣ. ದಿಬ್ಬದ ಮ್ಯಾಲೆ ಏರಿ ಸೆಲ್ಫಿ ತೆಗೆದುಕೊಳ್ರಿ, ಬ್ಯಾಡ ಅನ್ನೋದಿಲ್ಲ. ಆದ್ರೆ ಕೆಳಗೆ ಇಳಿದು ಕಲ್ಲಿನ ಕಂಬಗಳ ಮ್ಯಾಲೆ ಕೂಡಿಸಿದ ಕಲ್ಲಿನ ದೋಣಿ ನೋಡ್ರಿ. ಉದ್ದಕ್ಕೆ ಕಲ್ಲು ಕೊರೆದು ಒಂದರ ತುದಿಗೆ ಒಂದು ಹಚ್ಚಿ, ಹನಿ ಇಳಿಜಾರು ಕೊಟ್ಟು, ನೀರು ತಾನೇ ಹೋಗೋಂಗ ಮಾಡ್ಯಾರ. ಪಂಪ್ ಇಲ್ಲ, ಕರೆಂಟ್ ಇಲ್ಲ. ನಾವು ಎರಡು ಇಂಚು ಪೈಪ್ ಹಾಕಿ ಇಳಿಜಾರು ತಪ್ಪಿಸಿ, ಕೊನೆಗೆ ಮೋಟರ್ ಇಡ್ತೀವಿ. ಅಲ್ಲೇ ಮೆಟ್ಟಿಲು ಪುಷ್ಕರಣಿ ಐತಿ, ಕರಿ ಕಲ್ಲಿನದು, ಮಣ್ಣಿನಾಗ ಹುಗಿದು ಹೋಗಿದ್ದನ್ನ 1980ರ ದಶಕದಾಗ ಅಗೆದು ತೆಗೆದದ್ದು. ಈ ದೋಣಿ ಆ ಪುಷ್ಕರಣಿ ಕಡೆಗೇ ಬರ್ತದ. ಗೈಡ್ ಪುಷ್ಕರಣಿ ಚೆಲುವು ಹೇಳ್ತಾನ, ನೀರು ಎಲ್ಲಿಂದ ಬಂತು ಅಂತ ನಾವೇ ಕೇಳಬೇಕು.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ತುರ್ತು ಕಾಲುವೆ ದಂಡಿಗೆ ಬರೋಣ. ಉಗ್ರ ನರಸಿಂಹನ ಪಕ್ಕ ಬಡವಿಲಿಂಗ ಐತಿ. ನರಸಿಂಹ 1528ರದು, ಒಂದೇ ಬಂಡೆಯಾಗ ಕಡೆದದ್ದು, ಅದರ ಮುಂದೆ ಎಲ್ಲಾರೂ ನಿಲ್ತಾರ. ಬಡವಿಲಿಂಗನೂ ಒಂದೇ ಕಲ್ಲು, ಆಳೆತ್ತರಕ್ಕಿಂತ ದೊಡ್ಡದು, ಸುತ್ತಲೂ ಯಾವಾಗಲೂ ನೀರು ನಿಂತಿರ್ತದ. ಕಾಲುವೆ ನೀರಿನ ಹಾದಿಯನ್ನೇ ಗುಡಿಯೊಳಗೆ ಹಾಯಿಸ್ಯಾರ. ಅಂದ್ರೆ ಹೊಲಕ್ಕೆ ಹೋಗೋ ನೀರು ಲಿಂಗ ಮುಟ್ಟಿ ಹೋಗಲಿ ಅಂತಲೋ ಏನೋ, ಕಟ್ಟಿದವರ ಮನಸ್ಸು ನನಗೆ ಗೊತ್ತಾಗೋದಿಲ್ಲ, ಆದ್ರೆ ನೋಡಿದಾಗೆಲ್ಲ ನನಗೆ ಹಾಗೇ ಅನ್ನಿಸ್ತದ. ಇಲ್ಲೇ ಹತ್ತಿರ ನೆರಳು ಹುಡುಕಿ ಬುತ್ತಿ ಬಿಚ್ಚೋಣ. ಬಾಳೆ ತೋಟದೊಳಗೆ ಕೇಳದೆ ನುಗ್ಗಬ್ಯಾಡ್ರಿ, ಅದೂ ಒಬ್ಬ ರೈತಂದೇ. ಮಾಲೀಕ ಸಿಕ್ಕರೆ ಕೇಳಬೇಕಾದ ಪ್ರಶ್ನೆ ನಾಲ್ಕೈದು ನನ್ನ ಹತ್ರ ಅದಾವ: ನಿಮ್ಮಲ್ಲಿ ಪಾಳಿ ಹೆಂಗ, ಹೂಳು ಯಾರು ತೆಗೀತಾರ, ಸಿಮೆಂಟ್ ಹಾಕಿದಮ್ಯಾಲೆ ನೀರು ಹೆಚ್ಚಾತೋ ಬಾವಿ ಬತ್ತಿತೋ, ನೀರುಗಂಟಿ ಇನ್ನೂ ಅದಾನೋ ಇಲ್ಲೋ. ಬೇರೆ ಕಡೆ ರೈತರ ಬಾಯಿಂದ ಕೇಳೋ ಒಂದು ತಾಸು, ತರಬೇತಿ ಕೇಂದ್ರದ ಮೂರು ದಿನಕ್ಕೆ ಸಮ ಅಂತ ನನ್ನ ಲೆಕ್ಕ.

ಊಟ ಆದಮ್ಯಾಲೆ ಅಣೆ ಬಗ್ಗೆ ಮಾತಾಡೋಣ. ಅಣೆ ಅಂದ್ರೆ ನಮಗೀಗ ಡ್ಯಾಮ್ ಅಂತ ಅರ್ಥ ಆಗಿಬಿಟ್ಟೈತಿ. ಅವತ್ತಿನ ಅಣೆ ಹಂಗಲ್ಲ. ಹೊಳೆಯಾಗ ಇರೋ ಬಂಡೆ, ನಡುಗಡ್ಡೆ ಇವನ್ನೇ ಆಸರೆ ಮಾಡಿಕೊಂಡು, ಸಂದಿ ಸಂದಿಗೆ ದೊಡ್ಡ ಕಲ್ಲು ಇಟ್ಟು, ತಗ್ಗು ಗ್ವಾಡಿ ಕಟ್ತಿದ್ರು. ನೀರು ಕೂಡಿಡೋದಕ್ಕಲ್ಲ, ಸ್ವಲ್ಪ ಎತ್ತಿ ಪಕ್ಕಕ್ಕೆ ತಿರುಗಿಸೋದಕ್ಕೆ ಮಾತ್ರ. ಹೊಳೆ ತುಂಬಿದಾಗ ನೀರೂ ಹೂಳೂ ಮ್ಯಾಲೆ ಹಾರಿ ಮುಂದೆ ಹೋಗ್ತಿತ್ತು. ನಮ್ಮ ತುಂಗಭದ್ರಾ ಡ್ಯಾಮ್ 1953ರಾಗ ಆತು. ಆಗ 133 ಟಿಎಂಸಿ ಹಿಡೀತಿತ್ತು, ಈಗ ಹೂಳು ತುಂಬಿ 105.788 ಟಿಎಂಸಿ. ಎಪ್ಪತ್ತು ವರ್ಷದಾಗ ಐದರಲ್ಲಿ ಒಂದು ಪಾಲು ಹೋತು. ಅದು ನಮ್ಮ ಎರಡನೇ ಬೆಳೆಯ ಪಾಲು.

ಇದನ್ನ ಕೇಳಿ "ಹಳೇದೇ ಚಲೋ ಇತ್ತು" ಅಂತ ಯಾರೂ ಭಾಷಣ ಮಾಡಬ್ಯಾಡ್ರಿ. ಆ ಹಳೇ ಅಣೆ ನೀರು ಹೊಳೆ ಪಕ್ಕದ ಪಟ್ಟಿಗೆ ಮಾತ್ರ ಸಿಗ್ತಿತ್ತು, ನಮ್ಮ ಊರಿಗಲ್ಲ. ನಮ್ಮ ಅಜ್ಜ ಈ ಹೊಲದಾಗ ಜೋಳ ಬಿತ್ತಿ ಮುಗಿಲು ನೋಡ್ತಿದ್ದ. ಡ್ಯಾಮ್ ಬಂದಮ್ಯಾಲೆ ನಾವು ಅನ್ನ ಉಂಡ್ವಿ. ಈಗ ತುರ್ತು ಕಾಲುವೆನೂ ಡ್ಯಾಮಿನಿಂದ ಬಿಟ್ಟ ನೀರನ್ನೇ ನಂಬಿಕೊಂಡೈತಿ, ಹಳೇದು ಹೊಸದು ಎರಡೂ ಒಂದೇ ಹಗ್ಗಕ್ಕೆ ಕಟ್ಟಿದಂಗ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕಿತ್ತು ಹೋದಾಗ ನಮಗೆಲ್ಲ ಜೀವ ಬಾಯಿಗೆ ಬಂದಿತ್ತು. ಗೇಟು ಒಟ್ಟು 33 ಅಂತ ಅಲ್ಲಿ ತನಕ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ಒಂದು ವಾರ ಮೇಲ್ಭಾಗ ಕೊನೆ ಭಾಗ ಅನ್ನದೆ ಎಲ್ಲಾರೂ ಒಂದೇ ಟಿವಿ ಮುಂದೆ ಕೂತಿದ್ವಿ. ಹಲಗೆ ಕೂತು ನೀರು ನಿಂತಮ್ಯಾಲೆ ಮತ್ತೆ ಅವರವರ ತೂಬು.

ಇನ್ನೊಂದು. ಅರಸರನ್ನ ಹೊಗಳೋ ಮೊದಲು ಆಳುಗಳನ್ನೂ ನೆನೀಬೇಕು. 1520ರ ಸುಮಾರು ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯಸ್, ಒಂದು ದೊಡ್ಡ ಕೆರೆ ಕಟ್ಟೋದನ್ನ ಕಣ್ಣಾರೆ ಕಂಡು ಬರೆದಿಟ್ಟಾನ. ಹದಿನೈದು ಇಪ್ಪತ್ತು ಸಾವಿರ ಮಂದಿ ಇರುವೆಯಂಗ ಕೆಲಸ ಮಾಡ್ತಿದ್ರಂತೆ, ನಿಂತ ನೆಲ ಕಾಣದಷ್ಟು. ಏರಿ ಎರಡು ಮೂರು ಸಲ ಒಡೀತಂತೆ, ಆಗ 60 ಮಂದಿ ತಲೆ ಕಡಿಸಿ ಬಲಿ ಕೊಟ್ರು, ಕುದುರೆ ಕೋಣನೂ ಕೊಟ್ರು ಅಂತ ಅವನ ಬರಹದಾಗ ಐತಿ. ಅವರ ಹೆಸರಿನ ಕಂಬ ಎಲ್ಲೂ ಇಲ್ಲ. ಆದ್ರೆ ಅದೇ ಕಾಲದಾಗ ಇನ್ನೊಂದು ಪದ್ಧತಿನೂ ಇತ್ತು: ಕೆರೆ ಕಟ್ಟಿದವರಿಗೆ, ಒಡೆದದ್ದು ಸರಿ ಮಾಡಿ ನೋಡಿಕೊಂಡವರಿಗೆ ಅದರ ಕೆಳಗೇ ಭೂಮಿ ಕೊಡೋದು. ಕಟ್ಟುಕೊಡಗೆ ಅಂತ ಶಾಸನಗಳಲ್ಲಿ ಬರ್ತದ. ಕೆರೆಯಾಗ ನೀರಿದ್ರೆ ಅವನ ಗದ್ದೆನೂ ಬೆಳೀತದ, ಇಲ್ಲದಿದ್ರೆ ಅವನದೂ ಇಲ್ಲ. ಈ ಬುದ್ಧಿ ನನಗೆ ಬಹಳ ಹಿಡಿಸ್ತದ. ಈಗ ನಮ್ಮಲ್ಲಿ ಹೂಳು ತೆಗೆಸೋ ಬಿಲ್ಲು ಒಂದು ಕಡೆ, ನೀರು ಬಾರದೆ ಒಣಗೋ ಗದ್ದೆ ಇನ್ನೊಂದು ಕಡೆ, ಎರಡಕ್ಕೂ ಸಂಬಂಧವೇ ಇಲ್ಲ. ಬಿಲ್ಲು ಬರೆಯೋನಿಗೆ ನಮ್ಮ ಕೊನೆ ಭಾಗದಾಗ ಒಂದೇ ಒಂದು ಎಕರೆ ಇದ್ದಿದ್ರೆ ಹೆಂಗಿರ್ತಿತ್ತು, ಯೋಚನೆ ಮಾಡ್ರಿ.

ಸಂಜಿಗೆ ವಿರೂಪಾಕ್ಷನ ದರ್ಶನ, ಹೇಮಕೂಟದ ಮ್ಯಾಲೆ ಒಂದು ತಾಸು. ಮೇಲಿಂದ ನೋಡಿದ್ರೆ ಬಂಡೆಗಳ ನಡುವೆ ಹಸಿರು ಪಟ್ಟಿ ಎಲ್ಲೆಲ್ಲಿ ಹೋಗ್ತದ ಅಂತ ಕಾಣ್ತದ, ಎಲ್ಲಿ ಹಸಿರು ನಿಲ್ತದೋ ಅಲ್ಲಿ ಕಾಲುವೆ ನೀರು ಮುಟ್ಟಿಲ್ಲ ಅಂತ ಲೆಕ್ಕ. ವಿಠ್ಠಲ ದೇವಸ್ಥಾನ ಈ ಸಲ ಬಿಡೋಣ ಅಂತ ನನ್ನ ಸಲಹೆ. ಒಂದೇ ದಿನದಾಗ ಎಲ್ಲಾ ನೋಡ್ತೀವಿ ಅಂದ್ರೆ ಏನೂ ನೋಡಿದಂಗ ಆಗೋದಿಲ್ಲ, ಓಡಾಡಿ ಕಾಲು ಬಾತು ಗಾಡಿಯಾಗ ಜಗಳ ಆಗ್ತದ. ಕಲ್ಲಿನ ರಥ ನೋಡಲೇಬೇಕು ಅನ್ನೋರು 50 ರೂಪಾಯಿ ನೋಟು ತೆಗೆದು ನೋಡ್ರಿ, ಹಿಂದಿನ ಬದಿಗೆ ಅದೇ ಐತಿ.

ಹುಡುಗರ ಬಗ್ಗೆ ಎಚ್ಚರ. ತುರ್ತು ಕಾಲುವೆ ಅಗಲ ಕಡಿಮಿ ಅಂತ ಸದರ ಮಾಡಬ್ಯಾಡ್ರಿ, ನೀರಿನ ಸೆಳೆತ ಮ್ಯಾಲೆ ಕಾಣೋದಿಲ್ಲ. ಹೊಳೆಗಂತೂ ಯಾರೂ ಇಳಿಯೋದು ಬೇಡ, ಬಂಡೆ ಸಂದಿ ಸುಳಿ ಈಜು ಬಲ್ಲವನನ್ನೂ ಬಿಡೋದಿಲ್ಲ. ಪ್ಲಾಸ್ಟಿಕ್ ಬಾಟಲಿ, ಪೇಪರ್ ಪ್ಲೇಟು ಒಂದೂ ಅಲ್ಲಿ ಬಿಟ್ಟು ಬರೋಂಗಿಲ್ಲ. ನಮ್ಮ ತೂಬಿಗೆ ಸಿಕ್ಕಿಕೊಳ್ಳೋ ಕಸ ಯಾರ ಮನಿಯದು ಅಂತ ನಾವು ಬೈತೀವಲ್ಲ, ಅಲ್ಲಿಯ ತೂಬಿನ ಮುಂದೆ ನಿಂತು ಇನ್ನೊಬ್ಬ ನಮ್ಮನ್ನ ಬೈಯೋದು ಬೇಡ.

ಖರ್ಚಿನ ಲೆಕ್ಕ: ಗಾಡಿ ಬಾಡಿಗೆ, ಡೀಸೆಲ್ ಎಲ್ಲಾ ತಲೆಗೆ ಸಮ ಹಂಚೋಣ, ಎಕರೆ ಲೆಕ್ಕದಾಗ ಅಲ್ಲ. ಗಾಡಿಯಾಗ 22 ಮಂದಿಗೆ ಜಾಗ ಐತಿ. 11 ಸೀಟು ಮೇಲ್ಭಾಗದ ಮನಿಗಳಿಗೆ, 11 ಕೊನೆ ಭಾಗದವರಿಗೆ, ಅರ್ಧಕ್ಕರ್ಧ ಹೆಣ್ಣುಮಕ್ಕಳು. ಹೆಸರು ಬರೆಸೋದು ಬರೋ ಸೋಮವಾರದೊಳಗೆ. ಕೊನೆ ಭಾಗದಿಂದ ಈಗಾಗಲೇ ಎಂಟು ಹೆಸರು ಬಂದಾವ, ಮೇಲ್ಭಾಗದಿಂದ ಎರಡು. ಆ ಅಕ್ಕ ತಂಗಿ ಇಬ್ಬರ ಮನಿಗೂ ನಾನೇ ಹೋಗಿ ಕೇಳಿ ಬಂದೀನಿ. ತಂಗಿ ಬರ್ತೀನಿ ಅಂದಾಳ. ಅಕ್ಕ ನೋಡೋಣ ಅಂದಾಳ, ಬ್ಯಾಡ ಅಂದಿಲ್ಲ. ಆಕಿ ಸೀಟು ನಾನು ಹಿಡಿದಿಟ್ಟೀನಿ, ಗಾಡಿ ಹೊರಡೋ ತನಕ ಬೇರೆಯವರಿಗೆ ಕೊಡೋದಿಲ್ಲ.